ಹುಣಸೆ ಬೀಜದ ವಿರೋಧಪಕ್ಷ

ಖರ್ಚನ್ನು ವಿರೋಧಿಸುವವರೆಲ್ಲ ಬರೀ ಖರ್ಚಿಗಾಗಿಯೇ ವಿರೋಧಿಸುತ್ತಾರೆಂದು ನಂಬುವವರಿಗೆ ಇನ್ನೂ ಮದುವೆಯಾಗಿಲ್ಲವೆಂದು ತಿಳಿಯಬೇಕು. ನಮ್ಮ ಮನೆಗೆ ಕುಕ್ಕರು ತರುವ ಮಾತೆದ್ದಾಗ ನಾನು ದೇಶದ ಆರ್ಥಿಕ ಪರಿಸ್ಥಿತಿಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ನಿಜ ಹೇಳಬೇಕೆಂದರೆ ನನಗೆ ಅದರ ಸೀಟಿಯ ಭಯ. ಹೀಗಾಗಿ, ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ, ಮತಯಂತ್ರಗಳಿಗೆ ಕೋಟಿಗಟ್ಟಲೆ ಸುರಿಯುವುದನ್ನು ಸಂಸತ್ತಿನ ವಿರೋಧಪಕ್ಷದವರು ಎದ್ದು ನಿಂತು ಖಂಡಿಸಿದ ಸುದ್ದಿ ಓದಿದಾಗ, ಅವರ ಮೇಲೆ ನನಗೆ ಭಕ್ತಿ ಉಕ್ಕಿತು. ಅದರ ಹಿಂದೆಯೇ ಒಂದು ಅನುಮಾನವೂ ಬಂತು. ಇವರ ಜೇಬಿನಲ್ಲೂ ಎಲ್ಲೋ ಒಂದು ಹುಣಸೆ ಬೀಜ ಇರಬಹುದೇ?

ನನ್ನ ಜೇಬಿನಲ್ಲಿ ಇತ್ತು. ಅದನ್ನೇ ಈಗ ಒಪ್ಪಿಕೊಳ್ಳಲು ಹೊರಟಿದ್ದೇನೆ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಒಂದು ವಾಚನಾಲಯವಿತ್ತು. ಬಾಗಲಕೋಟೆಯ ಬಸ್ಸಿನಲ್ಲಿ ಮಧ್ಯಾಹ್ನ ಬರುವ ಪೇಪರಿಗಾಗಿ ಕಾಯುವ ಹನ್ನೆರಡು ಜನ ಸದಸ್ಯರು. ಸೀರೆ ವ್ಯಾಪಾರದ ಸಂಗಪ್ಪ ಸಾವಕಾರರು ಅಧ್ಯಕ್ಷರು, ಹೈಸ್ಕೂಲಿನ ಗುಮಾಸ್ತನಾದ ನಾನು ಕಾರ್ಯದರ್ಶಿ. ಯಾವ ವಿಷಯವೇ ಇರಲಿ, ನಮ್ಮಲ್ಲಿ ಮತಕ್ಕೆ ಹಾಕುವ ಪದ್ಧತಿ. ತಾಮ್ರದ ತಂಬಿಗೆಯೊಂದು ಕೈಯಿಂದ ಕೈಗೆ ಹೋಗುತ್ತದೆ. ಒಪ್ಪಿದವರು ಕಡಲೆಕಾಳು ಹಾಕಬೇಕು, ಒಪ್ಪದವರು ಹುಣಸೆ ಬೀಜ. ಬಾದಾಮಿಯಲ್ಲಿ ಸಾಲಿ ಕಲಿಸಿ ನಿವೃತ್ತರಾಗಿ ಬಂದಿದ್ದ ನೀಲಕಂಠಪ್ಪ ಮಾಸ್ತರರು ಹುಣಸೆ ಬೀಜದ ಹೊರತು ಬೇರೇನೂ ಹಾಕಿದವರಲ್ಲ. ಫ್ಯಾನು ತರುವುದಕ್ಕೆ ವಿರೋಧ. ತಂದ ಮೇಲೆ, ಅದನ್ನು ನಿಲ್ಲಿಸುವುದಕ್ಕೂ ವಿರೋಧ. "ಎಲ್ಲಾರೂ ಹೂಂ ಅಂದ್ರ ಅದು ಸಭಾ ಅಲ್ಲೋ, ಸಂತಿಗೆ ಹೊಡಕೊಂಡು ಹೊಂಟ ಕುರಿ ಹಿಂಡು" ಎನ್ನುತ್ತಿದ್ದರು. ನನಗೆ ಇದ್ದ ಒಬ್ಬನೇ ಗೆಳೆಯ ಅವರು.

ಮಾಸ್ತರರು ತೀರಿಕೊಂಡ ಮೇಲಿನ ಮೊದಲ ಸಭೆಯಲ್ಲಿ ಅವರ ಖಾಲಿ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇತ್ತು. ಇನ್ನು ಎಲ್ಲವೂ ಸರ್ವಾನುಮತ ಎಂಬ ವಿಚಾರ ಬಂದೊಡನೆ ನನಗೆ ಅವರು ಎರಡನೆಯ ಸಲ ಸತ್ತಂತಾಯಿತು. ನನ್ನ ಕಡಲೆಯ ಜೊತೆಗೆ ಅವರ ಪರವಾಗಿ ಒಂದು ಹುಣಸೆ ಬೀಜವನ್ನೂ ತಂಬಿಗೆಗೆ ಜಾರಿಸಿದೆ. ಎಣಿಸಿದರೆ, ಇದ್ದವರು ಹನ್ನೊಂದು, ಬಿದ್ದದ್ದು ಹನ್ನೆರಡು. ಸಾವಕಾರರು ಆ ಕಪ್ಪು ಬೀಜವನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಮಾಸ್ತರ ಬಂದಾರ" ಎಂದರು. ಯಾರೂ ನಗಲಿಲ್ಲ.

ಸತ್ತವರು ದೆವ್ವವಾಗುವ ಸೌಲಭ್ಯ ನಮ್ಮ ಪೈಕಿ ಇಲ್ಲ. ಲಿಂಗೈಕ್ಯರಾದವರು ಆದರು, ಅಲ್ಲಿಗೆ ಮುಗಿಯಿತು. ಆದ್ದರಿಂದ ಸದಸ್ಯರು ಇದನ್ನು ದೆವ್ವವೆಂದು ಕರೆಯದೆ ಪದ್ಧತಿ ಎಂದು ಕರೆದರು. ನಾಲ್ಕು ವರ್ಷ ಹನ್ನೆರಡನೆಯ ಮತ ತಪ್ಪದೆ ಬಿತ್ತು. ಮಾಸ್ತರರ ಹೆಸರನ್ನು ಪಟ್ಟಿಯಿಂದ ತೆಗೆಯುವ ಠರಾವು ವರ್ಷಕ್ಕೊಮ್ಮೆ ಬರುತ್ತಿತ್ತು. ಹೆಸರು ತೆಗೆಯಲು ಸರ್ವಾನುಮತ ಬೇಕೆಂಬ ನಿಯಮ, ಸರ್ವಾನುಮತಕ್ಕೆ ಸ್ವತಃ ಮಾಸ್ತರರದೇ ಅಡ್ಡಿ. ಒಗೆಯಲು ಹಾಕಿದ ಕೋಟಿನಲ್ಲಿ ಬೀಜ ಕಂಡಾಗಲೆಲ್ಲ ನನ್ನ ಹೆಂಡತಿ, "ಈ ವಯಸ್ಸಿನ್ಯಾಗ ಚೌಕಾಬಾರಾ ಆಡಾಕ ಹೋಗ್ತೀರೇನ್ರಿ?" ಎಂದು ಕೇಳುತ್ತಿದ್ದಳು.

ಇಂಥ ವ್ಯವಸ್ಥೆಗೆ ಮತಯಂತ್ರವೆಂದರೆ ಏನೆಂದು ನೀವೇ ಯೋಚಿಸಿ. ಒಬ್ಬನಿಗೆ ಒಂದೇ ಒತ್ತು. ಬೀಜ ಜಾರಿಸಲು ಬಾಯಿಲ್ಲದ ಪೆಟ್ಟಿಗೆ. ಇಂದು ಚುನಾವಣೆಗೆ ಬಂದದ್ದು ನಾಳೆ ನಮ್ಮ ವಾಚನಾಲಯಕ್ಕೂ ಬಂದೀತು. ಅದು ಬಂದ ದಿನ ಹನ್ನೆರಡನೆಯ ಮತ ನಿಲ್ಲುತ್ತದೆ, ಮರುಸಭೆಯಲ್ಲಿ ಹೆಸರು ಹೋಗುತ್ತದೆ, ಕುರ್ಚಿಗೆ ಯಾರೋ ಹೊಸಬರು ಬಂದು ಕೂರುತ್ತಾರೆ. ಆದ್ದರಿಂದ ಸಂಸತ್ತಿನ ವಿರೋಧವನ್ನು ಬೆಂಬಲಿಸುವ ಠರಾವನ್ನು ನಾನೇ ಬರೆದೆ. ಮಾಳಿಗೆ ಸೋರುವ ಸಾಲಿಗಳು, ಔಷಧವಿಲ್ಲದ ದವಾಖಾನೆಗಳು, ಯಾವುದನ್ನೂ ಬಿಡಲಿಲ್ಲ. ಓದುವಾಗ ನನ್ನ ಕಣ್ಣಲ್ಲೇ ನೀರು ಬಂತು.

ಅದೇ ವಾರ ಹುನಗುಂದದ ತಾಲೂಕು ಕಚೇರಿಯಿಂದ ಒಬ್ಬ ಗುಮಾಸ್ತ, ಜನರಿಗೆ ತೋರಿಸಲೆಂದು ಕೊಟ್ಟ ಯಂತ್ರವನ್ನು ಹೊತ್ತುಕೊಂಡು ನಮ್ಮಲ್ಲಿಗೇ ಬರಬೇಕೆ? ಸಾವಕಾರರಿಗೆ ಹುರುಪು ಬಂತು. "ಸೆಕ್ರೆಟರಿ, ನಿಮ್ಮ ಠರಾವು ಇದರಾಗ ಹಾಕೂಣಲ್ಲ?"

"ಕಳ್ಳನ ಮ್ಯಾಲಿನ ಫಿರ್ಯಾದಿಗೆ ಕಳ್ಳನ್ನ ಪಂಚ ಮಾಡಿದಂಗ ಆತಲ್ರಿ!" ಎಂದೆ.

"ಪಂಚ ಹೆಂಗ ಮಾತಾಡ್ತಾನ ನೋಡೂಣ ತಗೋರಿ."

ಯಂತ್ರದಲ್ಲಿ ಎರಡು ಪೆಟ್ಟಿಗೆ. ಠರಾವಿಗೆ 'ಒಪ್ಪಿಗೆ', 'ವಿರೋಧ' ಎಂದು ಚೀಟಿ ಅಂಟಿಸಿದ ಪೆಟ್ಟಿಗೆ ರಟ್ಟಿನ ಮರೆಯಲ್ಲಿ. ಇನ್ನೊಂದು ನನ್ನ ಮುಂದೆ. ನಾನು ಹೆಸರು ಕೂಗಿ ಗುಂಡಿ ಒತ್ತಿದರೆ ನನ್ನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತುತ್ತದೆ. ಸದಸ್ಯ ಮರೆಗೆ ಹೋಗಿ ಒತ್ತಿದಾಗ ಪೀಂ ಎಂದು ಕೂಗಿ ದೀಪ ಆರುತ್ತದೆ. ಮನೆಯ ಕುಕ್ಕರಿನ ಸೀಟಿಯೇ ಇಲ್ಲಿಯವರೆಗೆ ನನ್ನನ್ನು ಬೆನ್ನಟ್ಟಿ ಬಂದಂತಿತ್ತು. ಆರು ಜನ ಸರಿಯಾಗಿ ಒತ್ತಿ ಬಂದರು. ಏಳನೆಯದಾಗಿ, ನಾಲ್ಕು ವರ್ಷ ಹಾಜರಿ ಕೂಗಿದ ರೂಢಿಯಲ್ಲಿ, ನನ್ನ ಬಾಯಿ "ನೀಲಕಂಠಪ್ಪ ಮಾಸ್ತರ" ಎಂದಿತು. ಬೆರಳು ಗುಂಡಿ ಒತ್ತಿತು. ಕೆಂಪು ದೀಪ ಹೊತ್ತಿ ಕುಳಿತಿತು.

ಗುಮಾಸ್ತ ಸುತ್ತಲೂ ನೋಡಿ, "ಬರ್ರಿ ಮಾಸ್ತರ, ಲಗೂನ ಬರ್ರಿ" ಎಂದ. ಯಾರೂ ಏಳಲಿಲ್ಲ.

"ಬ್ಯಾರೆ ಹೆಸರು ಕೂಗಲೇನ್ರಿ?" ಎಂದು ಕೇಳಿದೆ.

"ಬರಂಗಿಲ್ರಿ. ಇವರದು ಆಗೂ ತನಕಾ ಇದು ಮುಂದ ಹೋಗಂಗಿಲ್ಲ" ಎಂದ ಗುಮಾಸ್ತ.

ನಾನೇ ಎದ್ದು ಹೋಗಿ ಒತ್ತೋಣವೆಂದರೆ ಹತ್ತು ಜೊತೆ ಕಣ್ಣು ನನ್ನ ಮೇಲಿವೆ. ಜೇಬಿನಲ್ಲಿ ಬೀಜವನ್ನು ಬಿಗಿಯಾಗಿ ಹಿಡಿದುಕೊಂಡೆ. ಅದರಿಂದ ಏನೂ ಆಗುವಂತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಓಣಿಯ ವಿದ್ಯುತ್ ಮಗ್ಗಗಳ ಸಪ್ಪಳ ಒಮ್ಮೆಲೇ ಕತ್ತರಿಸಿದಂತೆ ನಿಂತಿತು. ಮೂರು ಗಂಟೆಯ ಬಿಸಿಲಿನಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಬ್ಯಾಟರಿಯಿಂದ ನಡೆಯುವ ಯಂತ್ರದ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಕಿಟಕಿಯ ಬಳಿಯ ಕುರ್ಚಿ ಕಿರ್ ಎಂದಿತು. ಬೆತ್ತದ ಕುರ್ಚಿಗಳು ಬೇಸಿಗೆಯಲ್ಲಿ ಹಾಗೆ ಅನ್ನುತ್ತವೆ. ಒಂದು ಗಳಿಗೆ ಬಿಟ್ಟು, ಯಾರೂ ಇಲ್ಲದ ರಟ್ಟಿನ ಹಿಂದಿನಿಂದ ಪೀಂ ಎಂದು ಬಂತು. ದೀಪ ಆರಿತು.

"ಮಾಸ್ತರದು ಆತು," ಎಂದರು ಸಾವಕಾರರು, ಅಡಿಕೆ ಕಡಿಯುತ್ತ. "ಮುಂದ ಕೂಗ್ರಿ."

ಗುಮಾಸ್ತ ಬಗ್ಗಿ ರಟ್ಟಿನ ಹಿಂದೆ ನೋಡಿದ. "ಯಾರೂ ಇಲ್ಲಲ್ರಿ ಇಲ್ಲೆ! ಯಾರ್ರಿ ಆ ಮಾಸ್ತರು?"

"ಭಾಳ ಹಟಮಾರಿ ಮನಷಾರಿ," ಎಂದರು ಸಾವಕಾರರು. "ತೀರಿಕೊಂಡು ನಾಕು ವರ್ಷ ಆತು."

ಫಲಿತಾಂಶ ಬಂತು. ಒಪ್ಪಿಗೆ ಹನ್ನೊಂದು, ವಿರೋಧ ಒಂದು. ಉಳಿದವರು ಎಂದಿನಂತೆ ತಲೆಯಾಡಿಸಿ ಚಹಾಕ್ಕೆ ಎದ್ದರು. ಹನ್ನೆರಡನೆಯ ಮತ ಅವರಿಗೆ ನಾಲ್ಕು ವರ್ಷದ ರೂಢಿ. ಆ ಮತ ಇಷ್ಟು ದಿನ ಯಾರು ಹಾಕುತ್ತಿದ್ದರೆಂದು ಬಲ್ಲವನು ನಾನೊಬ್ಬನೇ. ಆದ್ದರಿಂದ ಆ ಕೋಣೆಯಲ್ಲಿ ನಡುಗಿದವರು ಗುಮಾಸ್ತ ಮತ್ತು ನಾನು, ಇಬ್ಬರೇ. ಅವನು ಚಹಾ ಕುಡಿಯದೆ, ಯಂತ್ರ ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿದ.

ಮನೆಗೆ ಹೋಗಿ ಎಂಟು ದಿನ ತರ್ಕ ಮಾಡಿದೆ. ಹೊಸ ಯಂತ್ರ, ಕಾವು ಬೇರೆ, ತಂತಿ ತಾನಾಗಿ ಮುಟ್ಟಿರಬೇಕು, ಇಲ್ಲವೇ ಹಲ್ಲಿ. ದೇಶ ಹಲ್ಲಿಗಳ ಮತಕ್ಕಾಗಿ ಕೋಟಿ ಸುರಿಯಬಾರದೆಂಬ ನನ್ನ ವಾದಕ್ಕೆ ಇದರಿಂದ ಬಲವೇ ಬಂತು. ಯಾವುದೋ ಹಲ್ಲಿಯನ್ನು ನಂಬಿ ಗೆಳೆಯನ ಮತ ತಪ್ಪಿಸಲಾದೀತೆ? ಮುಂದಿನ ಸಭೆಗೆ ತಂಬಿಗೆ ಮರಳಿ ಬಂತು. ಬೇಸಿಗೆಯಲ್ಲಿ ವಾಚನಾಲಯವನ್ನು ಅರ್ಧ ಗಂಟೆ ಮೊದಲೇ ತೆರೆಯಬೇಕೆಂಬ ನಿರುಪದ್ರವಿ ಠರಾವು. ನನ್ನ ಕಡಲೆ ಹಾಕಿದೆ, ಜೊತೆಗೆ ಮಾಸ್ತರರ ಬೀಜವನ್ನೂ ಜಾರಿಸಿದೆ. ಮನಸ್ಸು ಹಗುರಾಯಿತು.

ಸಾವಕಾರರು ತಂಬಿಗೆಯನ್ನು ಪೇಪರಿನ ಮೇಲೆ ಬೋರಲು ಹಾಕಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಕಡಲೆ ಹನ್ನೊಂದು, ಹುಣಸೆ ಬೀಜ ಎರಡು.

"ಒಂದು ಮಾಸ್ತರದು, ಖರೆ," ಎಂದರು, ಕಿಟಕಿಯ ಕಡೆ ನೋಡುತ್ತ. "ಈ ಇನ್ನೊಂದು ಯಾರ್ದು? ನಮ್ಮ ಪೈಕಿ ಸತ್ತಾವ್ರು ಒಬ್ಬರ ಅಲ್ಲೇನ್ರಿ, ಸೆಕ್ರೆಟರಿ?"

ಹಾಜರಿ ಪುಸ್ತಕ ನನ್ನದು, ಉತ್ತರ ಕೊಡಬೇಕಾದವನೂ ನಾನೇ. ಕುಳಿತವರಲ್ಲಿ ಜೀವಂತ ಇರುವವರನ್ನು ಒಬ್ಬೊಬ್ಬರನ್ನಾಗಿ ಎಣಿಸತೊಡಗಿದೆ. ಹತ್ತರವರೆಗೆ ಸಲೀಸಾಗಿ ಬಂದೆ. ಹನ್ನೊಂದನೆಯವನ ಸರದಿ ಬಂದಾಗ ಮಾತ್ರ, ಯಾವುದಕ್ಕೂ ಇರಲಿ ಎಂದು, ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ.