ಇಗ್ನಿಷನ್ನಿಗೆ ತೆಂಗಿನೆಣ್ಣೆ

ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನ ಕೀ ಸವೆದು ಸವೆದು, ಸ್ನಾನದ ಸೋಪಿನ ಕೊನೆಯ ಚೂರಿನಂತೆ ನುಣುಪಾಗಿತ್ತು. ತಿರುಗಿಸಿದರೆ ಒಮ್ಮೆ ತಿರುಗುತ್ತಿತ್ತು, ಹತ್ತು ಸಲ ಇಲ್ಲ. ಇಷ್ಟಕ್ಕೆಲ್ಲ ಮೆಕ್ಯಾನಿಕ್ ಯಾಕೆ? ಕಿವಿನೋವಿನಿಂದ ಹಿಡಿದು ಕಿರುಗುಟ್ಟುವ ಬಾಗಿಲಿನ ತನಕ ನಮ್ಮ ಉಡುಪಿ ಕಡೆಯವರಿಗೆ ಔಷಧ ಒಂದೇ. ಹೆಂಡತಿ ತಲೆಗೆ ಹಚ್ಚುವ ತೆಂಗಿನೆಣ್ಣೆಯನ್ನು ಇಗ್ನಿಷನ್ ಲಾಕಿನ ತೂತಿಗೆ ಭಕ್ತಿಯಿಂದ ಬಿಟ್ಟೆ. ಕೀ ಮೆತ್ತಗೆ ತಿರುಗಿತು. ಗಾಡಿ ಸ್ಟಾರ್ಟ್! ನನಗೆ ನನ್ನ ಮೇಲೆ ಗೌರವ ಹುಟ್ಟಿತು.

ಅಂದು ಅತ್ತೆಯನ್ನು ನಮ್ಮ ಮನೆಯಿರುವ ಸಾನಪಾಡಾದಿಂದ ಪನ್ವೇಲ್ ಸ್ಟೇಷನ್ನಿಗೆ ಕರೆದೊಯ್ದು ಊರಿನ ರೈಲು ಹತ್ತಿಸಬೇಕಿತ್ತು. ಮಗಳ ಮದುವೆಯಾದ ಮೇಲೆ ಮೊದಲ ಸಲ ಬಂದವರು. ಅಳಿಯ ಹೇಗೆ ನೋಡಿಕೊಂಡ ಎಂದು ಊರಿಗೆಲ್ಲ ವರದಿ ಒಪ್ಪಿಸುವವರು. ಚೀಲ ನಾನೇ ಹೊತ್ತು, ಅವರನ್ನು ಸೀಟಿನಲ್ಲಿ ಕೂರಿಸಿ, ಕಾಲಿಗೆ ಬಿದ್ದು ಬರುವುದೆಂದು ನಿಶ್ಚಯಿಸಿದ್ದೆ.

"ರಿಕ್ಷಾ ಮಾಡುವ ಮಾರಾಯ್ರೆ," ಎಂದಳು ಹೆಂಡತಿ.

"ಮನೆಯಲ್ಲಿ ಕಾರು ಉಂಟಲ್ಲ!"

ಅವಳು ಬರೀ ಹೇಳಿದ್ದಲ್ಲವಂತೆ, ಕೈಮುಗಿದು ಬೇಡಿಕೊಂಡಿದ್ದಳಂತೆ. ಇರಬಹುದು.

ದಾರಿಯಲ್ಲಿ ಗಾಡಿ ಒಂದು ಹೊಂಡಕ್ಕಿಳಿದು ಎಗರಿತು. ಅದು ಬೇಲಾಪುರದ ಹೊಂಡವೋ ಖಾರ್ಘರಿನದೋ ಎಂಬ ಬಗ್ಗೆ ನಮ್ಮಲ್ಲಿ ಇಂದಿಗೂ ಒಮ್ಮತವಿಲ್ಲ. ಕೀ ಜಾರಿ ನನ್ನ ತೊಡೆಯ ಮೇಲೆ ಬಿತ್ತು. ಎಂಜಿನ್ ಮಾತ್ರ ಓಡುತ್ತಲೇ ಇತ್ತು!

"ಕೀ ಇಲ್ಲದೆಯೂ ಓಡ್ತದಾ? ಒಳ್ಳೇ ಗಾಡಿ," ಎಂದರು ಹಿಂದಿನ ಸೀಟಿನಿಂದ ಅತ್ತೆ.

ಸ್ಟೇಷನ್ ಎದುರು ನಿಲ್ಲಿಸಿ ಕೀಯನ್ನು ಮತ್ತೆ ತೂರಿಸಿದೆ. ಅರ್ಧಕ್ಕೇ ಸಿಕ್ಕಿಕೊಂಡಿತು. ಎಣ್ಣೆಯಲ್ಲಿ ಹಳೆಯ ಧೂಳೆಲ್ಲ ಕಲಸಿ ಒಳಗೆ ಅಂಟಾಗಿರಬೇಕು. ಕೀ ತಿರುಗದು, ಎಂಜಿನ್ ನಿಲ್ಲದು. ಹೆಂಡತಿಗೆ ಗಾಡಿ ಬಿಡಲು ಬಾರದು. ಓಡುತ್ತಿರುವ ಗಾಡಿಯನ್ನು ಹಾಗೇ ಬಿಟ್ಟು ಇಳಿದರೆ ಯಾರಾದರೂ ಹತ್ತಿ ಹೋಗುವುದು ಖಂಡಿತ.

"ಎಂತ ಕೂತಿದ್ದೀರಿ? ರೈಲು ಬರ್ತಾ ಉಂಟು!"

"ಗಾಡಿ ಬಂದ್ ಆಗ್ತಾ ಇಲ್ಲ!"

"ಹಾಗಾದ್ರೆ ನೀವು ಗಾಡಿ ಕಾಯಿರಿ. ಅಮ್ಮ, ನೀನು ಬಾ."

ಹೆಂಡತಿ ಎರಡೂ ಚೀಲ ಹೊತ್ತಳು. ಅತ್ತೆ ಮಂಡಿನೋವಿನ ಕಾಲೆಳೆಯುತ್ತ ಹಿಂದೆ ಹೋದರು. ಅಳಿಯ ಕಾರಿನಿಂದ ಇಳಿಯಲೇ ಇಲ್ಲ! ಕೂತಲ್ಲಿಂದಲೇ ಕೈಮುಗಿದೆ. ಅವರು ತಿರುಗಿ ನೋಡಿದರೆಂದು ಇಷ್ಟು ದಿನ ಹೇಳುತ್ತ ಬಂದಿದ್ದೇನೆ. ಬರೆಯುವಾಗ ಅಷ್ಟು ಧೈರ್ಯ ಸಾಲದು.

ಹಿಂದಿದ್ದ ರಿಕ್ಷಾದವನು ಹಾರ್ನ್ ಒತ್ತಿದ. "ಅರೇ ಅಂಕಲ್, ಗಾಡೀ ಬಂದ್ ಕರೋ, ನಹೀಂ ತೋ ಆಗೇ ಲೋ!"

"ಬಂದ್ ನಹೀಂ ಹೋ ರಹೀ!"

"ತೋ ಆಗೇ ಲೋ!"

ಬಂದ್ ಆಗದ ಗಾಡಿ ಮುಂದೆ ಹೋಗಲೇಬೇಕು, ತರ್ಕ ಸರಿಯಾಗಿತ್ತು. ದೇವರಿಗೆ ಪ್ರದಕ್ಷಿಣೆ ಬರುವವನಂತೆ ಸ್ಟೇಷನ್ನಿನ ಅಂಗಳದಲ್ಲಿ ಸುತ್ತತೊಡಗಿದೆ. ಹೆಂಡತಿ ಬಂದು, ನಿಧಾನವಾಗಿ ಸಾಗುತ್ತಿದ್ದ ಗಾಡಿಗೆ ಹತ್ತಿಕೊಂಡಳು.

"ರೈಲು ಸಿಕ್ಕಿತಾ?"

"ಸಿಕ್ಕಿತು. ಕಿಟಕಿ ಸೀಟು."

"ನಾನು ಇಳೀಲಿಲ್ಲ ಅಂತ ಬೇಜಾರಾಯ್ತಾ ಅವರಿಗೆ?"

"ಬೇಜಾರಿಲ್ಲ. ಒಂದು ಸಂಶಯ ಅಂತೆ."

"ಎಂತ ಸಂಶಯ?"

"ಬಂದಾಗಿನಿಂದ ಅಮ್ಮ ನೋಡ್ತಿದ್ದಾಳಲ್ಲ, ಪ್ರತಿ ಸಿಗ್ನಲ್‌ನಲ್ಲೂ ನೀವು ಗಕ್ಕಂತ ಗಾಡಿ ಬಂದ್ ಮಾಡಿ ಹಿಂದಿನವರ ಹತ್ರ ಬೈಸಿಕೊಳ್ಳುವುದು. 'ಅಳಿಯಂದಿರು ಇವತ್ತೊಂದು ದಿನ ಹಾಗೆ ಯಾಕೆ ಮಾಡ್ಲಿಲ್ಲ?' ಅಂತ ಕೇಳಿದ್ಲು."

ಗಾಡಿಯನ್ನು ಬದಿಗೆ ತಂದು, ಬ್ರೇಕ್ ಒತ್ತಿ, ಗೇರಿನಲ್ಲಿರುವಾಗಲೇ ಕ್ಲಚ್ ಬಿಟ್ಟೆ. ಎಂಜಿನ್ ಗಕ್ಕೆಂದು ನಿಂತಿತು. ನನ್ನ ಸುದೀರ್ಘ ಚಾಲನಾ ಜೀವನದಲ್ಲಿ ಬೇಕೆಂದೇ ಹಾಗೆ ಮಾಡಿದ್ದು ಅದೊಂದೇ ಸಲ!