ಶಿರಸ್ತೇದಾರರ ಬಿಪಿ ಖಟ್ಲೆ

ರಕ್ತದೊತ್ತಡವೆಂಬ ಯಃಕಶ್ಚಿತ್ ವೈರಿಯನ್ನು ಒಂದೇ ತಿಂಗಳಲ್ಲಿ ಮಣ್ಣು ಮುಕ್ಕಿಸುವುದಾಗಿ ಹುನಗುಂದ ಕೋರ್ಟಿನ ಶಿರಸ್ತೇದಾರ ರಾಚಪ್ಪನವರು ಘೋಷಿಸಿಬಿಟ್ಟರು! ಅವಸರಕ್ಕೆ ಕಾರಣವಿತ್ತು. ಎಂಬತ್ತೆರಡರ ಆ ಬೇಸಿಗೆಯಲ್ಲಿ ಕೋರ್ಟಿನ ಸಿಬ್ಬಂದಿ ಆಡಲಿದ್ದ ಮಹಾಭಾರತದ ನಾಟಕಕ್ಕೆ ಅವರೇ ದುರ್ಯೋಧನ. ಆದರೆ ಡಾಕ್ಟರ್ ಇಮಾಮಹುಸೇನರು ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಪಾದರಸ ನೂರಾ ತೊಂಬತ್ತಕ್ಕೇರಿ ಕೂತಿತ್ತು.

"ದಿನಾ ಮುಂಜಾನೆ ಒಂದು ಗುಳಿಗಿ. ಉಪ್ಪು ಕಮ್ಮಿ. ತಿಂಗಳಾದ ಮ್ಯಾಲೆ ಬರ್ರಿ. ಇಳಿದಿದ್ರ ರಂಗದ ಮ್ಯಾಲೆ ಒದರ್ರಿ. ಇಲ್ಲಾಂದ್ರ ಬೇಲಿಫ್ ದುರ್ಗಪ್ಪನ ಕೈಯಾಗ ಗದಾ ಕೊಡ್ರಿ."

ನೋಟೀಸು ಹಂಚುವವನಿಗೆ ಹಸ್ತಿನಾವತಿಯೇ! ರಾಚಪ್ಪನವರು ಅಂದೇ ಮನೆಯಲ್ಲಿ ಉಪ್ಪಿಗೆ ತಡೆಯಾಜ್ಞೆ ಹೊರಡಿಸಿದರು. ಹೆಂಡತಿ ಸಿದ್ದಲಿಂಗವ್ವ ಎಣಗಾಯಿಯನ್ನೂ ಸಪ್ಪಗೆ ಮಾಡಿದರು. ಕೋರ್ಟಿನ ದಾರಿಯಲ್ಲಿದ್ದ ಅಕ್ಬರಸಾಬನ ಮಿರ್ಚಿ ಭಜಿಗೆ ಮಾತ್ರ ಶಿರಸ್ತೇದಾರ ಸಾಹೇಬರು ಗುಟ್ಟಾಗಿ ಜಾಮೀನು ಕೊಟ್ಟಿದ್ದರು.

ಗುಳಿಗೆಯ ಖಟ್ಲೆಯೇ ಬೇರೆ. ಸಿದ್ದಲಿಂಗವ್ವ ದಿನಾ ನೀರು ಹಿಡಿದು ನಿಲ್ಲುವರು.

"ತಗೋರಿ."

"ಯಾತಕ್ಕ? ಇವತ್ತ ತಲಿ ತಿರಗಿಲ್ಲ, ಕಣ್ಣ ಮಂಜಾಗಿಲ್ಲ. ಫಿರ್ಯಾದಿ ಇಲ್ದ ವಿಚಾರಣಿ ಯಾವ ಕಾಯ್ದೆದಾಗ ಐತಿ?"

"ಅದು ಹೇಳಿ ಬರೂದಿಲ್ಲಂತ್ರಿ. ಸುಮ್ಮನ ಒಳಗ ಕುಂತಿರ್ತೈತಂತ."

"ಕುಂತಿದ್ರ ಹಾಜರಾಗ್ಲಿ! ಮುಂದಿನ ತಾರೀಖು!"

ಹೀಗೆ ಗುಳಿಗೆಗಳು ತಾರೀಖಿನ ಮೇಲೆ ತಾರೀಖು ಪಡೆದು ಡಬ್ಬಿಯಲ್ಲೇ ಉಳಿದವು. ತಿಂಗಳು ತುಂಬಿದ ಮುಂಜಾನೆ ಸಾಹೇಬರಿಗೆ ಇವತ್ತೇ ಡಾಕ್ಟರು ಪಟ್ಟಿ ಸುತ್ತುವ ದಿನವೆಂದು ನೆನಪಾಯಿತು. ಆದರೇನು? ಕೂಡಿಬಿದ್ದ ಫೈಲುಗಳನ್ನು ತಪಾಸಣೆಯ ದಿನ ಒಂದೇ ಉಸಿರಿಗೆ ಮುಗಿಸುವುದು ಅವರ ಮೂವತ್ತು ವರ್ಷಗಳ ಅಭ್ಯಾಸ! ಐದು ಗುಳಿಗೆ ಒಟ್ಟಿಗೇ ನುಂಗಿದರು. ಆರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸಿದ್ದಲಿಂಗವ್ವ ಡಬ್ಬಿ ಕಸಿದರು.

"ಹುಚ್ಚ ಹಿಡದೈತೇನ್ರಿ? ಅವೇನ ಶೇಂಗಾ?"

"ಹಳೇ ಬಾಕಿ ವಿಲೇವಾರಿ ಮಾಡಾಕತ್ತೇನಿ!"

ಹೆಂಡತಿ ಕೈ ಹಿಡಿದು ಎಳೆದೊಯ್ದರೆ, ದವಾಖಾನೆಯ ಮೆಟ್ಟಿಲ ಮೇಲೆಯೇ ಹಸ್ತಿನಾವತಿಯ ಅರಸು ನೆನೆದ ಮಣ್ಣಿನ ಗೋಡೆಯಂತೆ ಕುಸಿದರು. ಪಾದರಸ ಎಂಬತ್ತಕ್ಕಿಳಿದಿತ್ತು.

"ಇಳದೈತಿಲ್ರಿ ಡಾಕ್ಟರ?" ಕಣ್ಣು ತೆರೆಯದೆಯೇ ಕೇಳಿದರು.

"ಭಾಳ ಇಳದೈತಿ. ಇನ್ನ ನಾಕ ನುಂಗಿದ್ರ ನಿಮ್ಮನ್ನ ಸ್ಮಶಾನದ ಕುಣ್ಯಾಗ ಇಳಸ್ತಿದ್ವಿ."

ಮೂರು ದಿನ ದವಾಖಾನೆಯ ಮಂಚ. ನಾಲ್ಕನೆಯ ದಿನ ಬಿಪಿ ತನ್ನ ಹಳೆಯ ಸಿಂಹಾಸನಕ್ಕೇ ಮರಳಿತು. ಗದೆ ದುರ್ಗಪ್ಪನ ಹೆಗಲೇರಿತು. ಗೋಗರೆದು ಗೋಗರೆದು ಕೇಳಿದ ಮೇಲೆ ಡಾಕ್ಟರು ಒಂದೇ ಒಂದು ಪಾತ್ರಕ್ಕೆ ಒಪ್ಪಿದರು. ಒದರುವಂತಿಲ್ಲ, ಏಳುವಂತಿಲ್ಲ: ಶರಶಯ್ಯೆಯ ಭೀಷ್ಮ!

ನಾಟಕದ ದಿನ ಬಿಳಿ ಗಡ್ಡದ ಪಿತಾಮಹರು ಬಾಣಗಳ ಮೇಲೆ ಮಲಗಿ, "ನೀರು... ನೀರು..." ಎಂದು ನರಳಿದರು. ಅರ್ಜುನ ಬಿಲ್ಲಿಗೆ ಬಾಣ ಹೂಡುವಷ್ಟರಲ್ಲಿ ಪರದೆಯ ಬದಿಯಿಂದ ತಂಬಿಗೆ ಹಿಡಿದ ಸಿದ್ದಲಿಂಗವ್ವ ನೇರ ರಂಗಕ್ಕೇ ನಡೆದು ಬಂದರು! ಇನ್ನೊಂದು ಅಂಗೈಯಲ್ಲಿ ಗುಳಿಗೆ.

"ಮುಂಜಾನಿ ಬಣ್ಣಾ ಹಚ್ಕೊಳ್ಳೂ ಗದ್ದಲದಾಗ ತಪ್ಪಿಸ್ಕೊಂಡೀರಿ."

"ಏ, ಜನಾ ನೋಡಾಕತ್ತಾರ!" ಪಿತಾಮಹರು ಗಡ್ಡದೊಳಗಿಂದಲೇ ಪಿಸುಗುಟ್ಟಿದರು. "ಧರ್ಮರಾಯಗ ಉಪದೇಶ ಮಾಡೂದೈತಿ..."

"ಮದಲ ನುಂಗ್ರಿ. ಉಪದೇಶ ಆಮ್ಯಾಲೆ!"

ಭೀಷ್ಮರು ಬಾಯಿ ತೆರೆದರು. ಇಡೀ ನಾಟಕದಲ್ಲಿ ಒನ್ಸ್‌ಮೋರ್ ಬಿದ್ದದ್ದು ಅದೊಂದಕ್ಕೇ!