ಎರಡೂ ಕಡೆ ಸ್ವಾಗತ

ನಗರದ ಪಾದಚಾರಿ ಸುರಂಗ ಮಾರ್ಗವು ಎಲ್ಲ ರೀತಿಯಿಂದಲೂ ಯಶಸ್ವಿಯಾಗಿದೆ ಎಂದು ತಿಳಿಸಲು ಹೆಮ್ಮೆಯಾಗುತ್ತದೆ. ಮೇಲಿನ ರಸ್ತೆಗೆ ಬೇಲಿ ಹಾಕಿರುವುದರಿಂದ ಅಲ್ಲಿ ಯಾರೂ ವಾಹನಕ್ಕೆ ಸಿಕ್ಕಿಲ್ಲ. ಸುರಂಗಕ್ಕೆ ಇಳಿದವರು ಯಾರೂ ಹೊರಗೆ ಬಂದಿಲ್ಲ ಎಂಬುದು ಬೇರೆ ವಿಷಯ.

ಇದರಲ್ಲಿ ಯಾರ ತಪ್ಪೂ ಇಲ್ಲ. ಉದ್ಘಾಟನೆಗೆ ದೊಡ್ಡವರು ಯಾವ ಕಡೆಯಿಂದ ಬರುತ್ತಾರೋ ಗೊತ್ತಿರಲಿಲ್ಲ. ಅವರಿಗೆ ಅಡ್ಡಿಯಾಗಬಾರದೆಂದು ಎರಡೂ ತುದಿಯ, ಚಕ್ರದಂತೆ ಸುತ್ತುವ ಆಳೆತ್ತರದ ಗೇಟುಗಳು ಒಳಕ್ಕೆ ಮಾತ್ರ ತಿರುಗುವಂತೆ ಮಾಡಿಸಲಾಯಿತು. ದೊಡ್ಡವರು ರಿಬ್ಬನ್ ಕತ್ತರಿಸಿ, ಮಂಡಿನೋವೆಂದು ಮೆಟ್ಟಿಲಿಳಿಯದೆ ಕಾರು ಹತ್ತಿದರು. ಹೀಗಾಗಿ ಹೊರಬರುವ ಪ್ರಶ್ನೆ ಅಂದು ಉದ್ಭವಿಸಲಿಲ್ಲ.

ಮೊದಲು ಇಳಿದವನು ಒಬ್ಬ ದರ್ಜಿ. ಅಂಗಡಿ ರಸ್ತೆಯ ಈಚೆ, ಮನೆ ಆಚೆ. ಆಚೆಯ ಗೇಟು ಅವನನ್ನು ಬಿಡಲಿಲ್ಲ. ವಾಪಸ್ ಬಂದರೆ ಈಚೆಯದೂ ಬಿಡಲಿಲ್ಲ. ಹೆಂಡತಿ ಸರಳಿನ ಸಂದಿಯಿಂದ ಊಟ ಕೊಡುತ್ತಿದ್ದಳು. ಉಂಡು ಅವನು ಸುರಂಗವನ್ನೆಲ್ಲ ಸುತ್ತುತ್ತಿದ್ದ. ಯಾವ ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತದೆ, ಎಲ್ಲಿ ನೀರು ಜಿನುಗುತ್ತದೆ, ಯಾವ ಟೈಲ್ಸ್ ಅಲುಗಾಡುತ್ತದೆ, ಎಲ್ಲ ಅವನಿಗೆ ಬಾಯಿಪಾಠವಾಯಿತು. ಅಷ್ಟರಲ್ಲಿ ಒಳಗೆ ಜನರೂ ತುಂಬಿದರು.

ಕೊನೆಗೆ ಎಂಜಿನಿಯರ್ ಬಂದು ಹೊರಗೆ ನಿಂತರು.

"ಸಾರ್, ಒಂದು ಗೇಟ್ ಉಲ್ಟಾ ಮಾಡ್ಸಿ ಸಾಕು, ಮನೆಗೆ ಹೋಗ್ತೀನಿ," ಎಂದ ದರ್ಜಿ.

"ಉಲ್ಟಾ ಮಾಡಿದ್ರೆ ಆ ಕಡೆಯಿಂದ ಬರೋರ ಗತಿ ಏನ್ರೀ? ನೀವು ಹೋಗೋದಕ್ಕೆ ಅವರನ್ನ ತಡೆಯೋಕಾಗುತ್ತಾ? ಇರಿ, ಪರಿಶೀಲಿಸ್ತೀನಿ," ಎಂದು ಅವರು ಒಳಗೆ ಬಂದರು.

ಮರುದಿನ ಅವರ ಕಚೇರಿಯ ಫ್ಯಾನು, ಕುರ್ಚಿಗಳೂ ಒಳಗೆ ಬಂದವು. ಗೋಡೆಯ ಮೇಲೆ ಪ್ರಕಟಣೆ ಅಂಟಿಸಲಾಯಿತು: "ಸುರಂಗದೊಳಗೆ ಇರುವವರನ್ನು ರಸ್ತೆ ದಾಟುತ್ತಿರುವವರೆಂದೇ ಪರಿಗಣಿಸತಕ್ಕದ್ದು. ದಾಟುವುದಕ್ಕೆ ಕಾಲಮಿತಿ ಇರುವುದಿಲ್ಲ."

ಒಂದು ಸಂಜೆ ದರ್ಜಿಯ ಹೆಂಡತಿ ಹಾಸಿಗೆ ಸುತ್ತಿಕೊಂಡು ಗೇಟಿನ ಮುಂದೆ ನಿಂತಳು.

"ಬರ್ಬೇಡ ಕಣೇ, ನಿನ್ ಕಾಲಿಗೆ ಬೀಳ್ತೀನಿ. ನೀನೂ ಬಂದ್ಬಿಟ್ರೆ ನನ್ನ ಹೊರಗೆ ಕರೆಯೋರು ಯಾರು?"

"ಕರ್ದು ಕರ್ದು ಸಾಕಾಯ್ತು ಕಣ್ರೀ. ನೀವಿಲ್ದೆ ಮನೆ ಬಿಕೋ ಅಂತಿದೆ. ಪಕ್ಕದ್ಮನೆಯೋರೂ ಇಲ್ಲೇ ಇದಾರಲ್ಲ."

ಅವಳು ಗೇಟು ತಳ್ಳಿದಳು. ದರ್ಜಿಗೆ ಅಳು ತಡೆಯಲಾಗಲಿಲ್ಲ.

"ನೋಡಿ, ಎಷ್ಟು ಸಲೀಸಾಗಿ ತಿರುಗುತ್ತೆ! ಇದನ್ನ ಕೆಟ್ಟಿದೆ ಅಂತೀರಲ್ಲ," ಎಂದರು ಎಂಜಿನಿಯರ್.

ಎಲ್ಲರೂ ಹೌದೆಂದು ತಲೆಯಾಡಿಸಿದರು. ದರ್ಜಿ ಕಣ್ಣೊರೆಸಿಕೊಂಡು ಹಾಸಿಗೆ ಇಸಿದುಕೊಂಡ. ನೀರು ಜಿನುಗದ, ಟೈಲ್ಸ್ ಅಲುಗಾಡದ ಮೂಲೆಯೊಂದನ್ನು ಹೆಂಡತಿಗೆ ತೋರಿಸಿದ.

"ಇಲ್ಲಿ ಹಾಸು," ಎಂದ. "ಇದನ್ನ ನಿನಗೇ ಅಂತ ಇಟ್ಟಿದ್ದೆ."